ಏನು ಕೇಳಿದರೂ ‘ಬಲೇ’ ಅನ್ನುವ ಹುಡುಗಿ

ಪ್ರಶ್ನೆ: ಸರ್, ನಮಸ್ಕಾರ. ನಾನು ದಾವಣಗೆರೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ ಶಿಕ್ಷಕಿ. ಜೂನ್‌ನಲ್ಲಿ ಅಫ್ಗಾನಿಸ್ತಾನದ ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ತರಗತಿಗೆ ಸೇರಿದ್ದಾಳೆ. ತಂದೆ ಓದಲಿಕ್ಕೆ ಅಂತ ಕರ್ನಾಟಕಕ್ಕೆ ಬಂದವರು, 2021ರಲ್ಲಿ ಅಲ್ಲಿನ ಸರ್ಕಾರ ಬಿದ್ದ ಮೇಲೆ ವಾಪಸ್ ಹೋಗಲಿಲ್ಲ. ತಾಯಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ದೆಹಲಿಗೆ ಬಂದು ಒಂದೂವರೆ ವರ್ಷ ಅಲ್ಲಿದ್ದರಂತೆ. ಅಲ್ಲಿ ಮಕ್ಕಳು ಶಾಲೆಗೆ ಹೋಗಿಲ್ಲ. ಅಕ್ಕ ಈಗ ನಮ್ಮಲ್ಲೇ ಏಳನೇ ತರಗತಿ. ಮನೆಮಾತು ದರಿ. ಐದು ತಿಂಗಳಾದರೂ ಚಿಕ್ಕವಳು ಒಂದು ಮಾತು ಕನ್ನಡ ಆಡಿಲ್ಲ. ಏನು ಕೇಳಿದರೂ ‘ಬಲೇ’ ಅಂತಾಳೆ, ಮಕ್ಕಳು ‘ಇವಳಿಗೆ ಬಳೆ ಬೇಕಂತೆ’ ಅಂತ ನಗುತ್ತಾರೆ. ಬಿಸಿಯೂಟ ಅರ್ಧಕ್ಕೆ ಬಿಡುತ್ತಾಳೆ. ತಾಂಡಾದಿಂದ ಬರುವ ಒಬ್ಬ ಹುಡುಗಿಯ ಪಕ್ಕ ಕೂರುತ್ತಾಳೆ, ಬಿಡುವಿನಲ್ಲಿ ಅವಳ ಜೊತೆ ಕುಂಟಾಬಿಲ್ಲೆ ಆಡುತ್ತಾಳೆ, ಅಷ್ಟೇ. ಲೆಕ್ಕದ ಪುಸ್ತಕವನ್ನು ಹಿಂದಿನ ರಟ್ಟಿನ ಕಡೆಯಿಂದ ಬರೆಯಲು ಶುರುಮಾಡಿದ್ದಾಳೆ, ಒಂದು ಪುಟದ ಫೋಟೊ ಕಳಿಸಿದ್ದೇನೆ, ನೋಡಿ. ಒಂದನೇ ತರಗತಿಗೆ ಕೂರಿಸಿ ಅಂತ ಹೆಡ್‌ಮಾಸ್ಟರ್ ಹೇಳುತ್ತಾರೆ. ಉರ್ದು ಶಾಲೆಗೆ ಕಳಿಸುವುದು ಒಳ್ಳೆಯದು ಅಂತ ಸಹೋದ್ಯೋಗಿಗಳು. ಮನೆಯಲ್ಲಿ ಕನ್ನಡವನ್ನೋ ಹಿಂದಿಯನ್ನೋ ಮಾತಾಡಿ ಅಂತ ತಂದೆತಾಯಿಗೆ ಹೇಳಲೇ? ಡಾಕ್ಟರಿಗೆ ತೋರಿಸಬೇಕೇ? ನಮ್ಮ ಶಾಲೆಗೆ ಇಂಥದ್ದು ಹೊಸದು. ದಾರಿ ತೋರಿಸಿ.

ಉತ್ತರ: ಮೇಡಂ, ಮೊದಲು ಆ ‘ಬಲೇ’ ವಿಷಯ ಮುಗಿಸಿಬಿಡೋಣ. ದರಿಯಲ್ಲಿ ‘ಬಲೇ’ ಅಂದರೆ ‘ಹೌದು’. ಯಾರಾದರೂ ಹೆಸರು ಹಿಡಿದು ಕರೆದಾಗ ನಾವು ‘ಹ್ಞಾಂ, ಹೇಳ್ರಿ’ ಅಂತೀವಲ್ಲ, ಅಲ್ಲೂ ಅವರು ಅದೇ ಮಾತು ಬಳಸುತ್ತಾರೆ. ಐದು ತಿಂಗಳಿಂದ ನೀವು ಕರೆದಾಗಲೆಲ್ಲ ಆ ಮಗು ಮರ್ಯಾದೆಯಿಂದ ಓಗೊಡುತ್ತಾ ಬಂದಿದೆ. ಮಕ್ಕಳು ಬಳೆಗೆ ನಗುತ್ತಿದ್ದಾರೆ ಅನ್ನುವುದು ಅವಳಿಗೆ ಗೊತ್ತಾಗಿರಲಿಕ್ಕೂ ಇಲ್ಲ. ಅವಳ ಮಾತಿನಲ್ಲಿ ಳಕಾರವೇ ಇಲ್ಲ, ಣಕಾರವೂ ಇಲ್ಲ. ಬಲೆ, ಬಳೆ ಎರಡೂ ಅವಳ ಕಿವಿಗೆ ಸದ್ಯಕ್ಕೆ ಒಂದೇ. ನಾಳೆ ಹಾಜರಿ ಕೂಗುವ ಮುಂಚೆ ಅದರ ಅರ್ಥ ಹೇಳಿ, ಒಂದು ದಿನದ ಮಟ್ಟಿಗೆ ಎಲ್ಲರೂ ‘ಎಸ್ ಮಿಸ್’ ಬದಲು ‘ಬಲೇ ಮಿಸ್’ ಅನ್ನಲಿ. ಮಕ್ಕಳಿಗೆ ಇಂಥದ್ದು ಭಾರಿ ಖುಷಿ. ನಗು ನಿಲ್ಲುವುದಿಲ್ಲ, ಆದರೆ ಅವಳೂ ನಗುತ್ತಾಳೆ.

ಇನ್ನು ಆ ಫೋಟೊ. ಪುಸ್ತಕದ ಹಿಂದಿನ ರಟ್ಟಿನ ಕಡೆಯಿಂದ ಬರೆಯಲು ಶುರುಮಾಡಿದ್ದಾಳೆ ಅಂತ ನೀವು ಬೇಸರದಿಂದ ಬರೆದಿದ್ದೀರಿ. ದರಿ ಬರೆಯುವುದು ಬಲದಿಂದ ಎಡಕ್ಕೆ, ಹಾಗಾಗಿ ಅವರ ಪುಸ್ತಕ ತೆರೆಯುವುದೇ ಆ ಕಡೆಯಿಂದ. ಅದು ಬಿಡಿ. ನನ್ನ ಕಣ್ಣು ನಿಂತಿದ್ದು ನೀವು ಕೆಂಪು ಶಾಯಿಯಲ್ಲಿ ಇಂಟು ಹಾಕಿರುವ ಸಾಲಿನ ಮೇಲೆ. 9 ಕೂಡಿಸು 1 ಅನ್ನುವ ಲೆಕ್ಕಕ್ಕೆ ಅವಳು ಒಂದು ಗೆರೆ ಎಳೆದು ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಿದ್ದಾಳೆ. ‘ಉತ್ತರ ಅರ್ಧಕ್ಕೆ ಬಿಟ್ಟಿದೆ’ ಅಂತ ನೀವು ಬರೆದಿದ್ದೀರಿ. ಮೇಡಂ, ಅವರ ಅಂಕಿಗಳಲ್ಲಿ ಸೊನ್ನೆ ಅಂದರೆ ಚುಕ್ಕೆ. ಅವಳು ಬರೆದಿರುವುದು ಹತ್ತು. ಕೆಳಗಿನ ಲೆಕ್ಕದಲ್ಲಿ ಗೆರೆಯ ಪಕ್ಕ ತುದಿ ಮೇಲಾಗಿ ಹಿಡಿದ ವೀಳ್ಯದೆಲೆಯಂಥ ಒಂದು ಚಿತ್ರವಿದೆಯಲ್ಲ, ಅದು ಐದು. 7ಕ್ಕೆ 8 ಕೂಡಿಸಿ 15 ಬರೆದಿದ್ದಾಳೆ. ಎಲೆಯ ಪಕ್ಕ ಚುಕ್ಕೆ ಇದ್ದರೆ 50. ಕವಣೆಯ ಕವಲಿನ ಹಾಗೆ ಮೇಲಕ್ಕೆ ಬಾಯಿ ತೆರೆದಿದ್ದರೆ ಏಳು, ಅದನ್ನೇ ಬೋರಲು ಹಾಕಿದರೆ ಎಂಟು. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಸಂಖ್ಯೆಯನ್ನು ಅವರೂ ನಮ್ಮ ಹಾಗೆ ಎಡದಿಂದಲೇ ಬರೆಯುತ್ತಾರೆ, ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಅವರ ತಂದೆಯ ಕೈಯಲ್ಲಿ ಒಂದು ಹಾಳೆಯ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಬರೆಸಿಕೊಳ್ಳಿ. ಪಕ್ಕದಲ್ಲಿ ನಮ್ಮ ಕನ್ನಡ ಅಂಕಿ, ಅದರ ಪಕ್ಕ ರೂಢಿಯ ಅಂಕಿ. ಗೋಡೆಗೆ ಅಂಟಿಸಿ. ಗುಟ್ಟಿನ ಲಿಪಿ ಸಿಕ್ಕಿತು ಅಂತ ಹುಡುಗರು ಒಂದು ವಾರದಲ್ಲಿ ಕಲಿತುಬಿಡುತ್ತಾರೆ, ಕಾಪಿ ಹೊಡೆಯಲಿಕ್ಕೂ ಬಳಸುತ್ತಾರೆ, ಎಚ್ಚರ.

ಈಗ ಒಂದನೇ ತರಗತಿಯ ಮಾತು. ಬೇಡ. ನಿಮ್ಮ ಹೆಡ್‌ಮಾಸ್ಟರರ ಉದ್ದೇಶ ಕೆಟ್ಟದ್ದಲ್ಲ. ಅಕ್ಷರ ಬಾರದವರು ಅಕ್ಷರ ಕಲಿಸುವ ಕಡೆ ಕೂರಲಿ ಅನ್ನುವ ಸರಳ ಲೆಕ್ಕ ಅವರದು. ಆದರೆ ಕೂಡುವ ಕಳೆಯುವ ಲೆಕ್ಕ ಮಾಡುವ, ಒಂದು ಲಿಪಿಯಲ್ಲಿ ಓದಿ ಬರೆಯಬಲ್ಲ ಒಂಬತ್ತು ವರ್ಷದ ಹುಡುಗಿಯನ್ನು ಹಲ್ಲು ಬಿದ್ದ ಆರು ವರ್ಷದವರ ನಡುವೆ ಕೂರಿಸಿದರೆ ಅವಳು ಕಲಿಯುವ ಮೊದಲ ಪಾಠ ‘ನಾನು ದಡ್ಡಿ’ ಅನ್ನುವುದು. ಕಾನೂನೂ ನಿಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಹದಿನಾಲ್ಕನೇ ಕಲಮು ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಅನ್ನುತ್ತದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅದು ನಿಜ. ಆದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇರುವ ಮಾತು ಆರರಿಂದ ಹದಿನಾಲ್ಕು ವರ್ಷದ ‘ಪ್ರತಿ ಮಗು’. ಆಧಾರ್ ಇಲ್ಲದ್ದಕ್ಕೆ ಆನ್‌ಲೈನ್ ದಾಖಲೆ ತುಂಬುವಾಗ ತೊಡಕು ಬಂದರೆ, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿರುವುದನ್ನು ಉಲ್ಲೇಖಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಬರೆದು, ಅದರ ಪ್ರತಿ ಫೈಲಿನಲ್ಲಿಟ್ಟುಕೊಳ್ಳಿ.

‘ನಮ್ಮ ಶಾಲೆಗೆ ಇಂಥದ್ದು ಹೊಸದು’ ಅಂದಿರಿ. ಅಲ್ಲಿ ನಾನು ನಿಮ್ಮ ಜೊತೆ ಸ್ವಲ್ಪ ಜಗಳ ಆಡುತ್ತೇನೆ. ರಾಜ್ಯಕ್ಕಂತೂ ಹೊಸದಲ್ಲ. 1960ರಿಂದಲೇ ಬೈಲಕುಪ್ಪೆಯಲ್ಲಿ ಟಿಬೆಟ್ಟಿನವರು ನೆಲೆ ನಿಂತರು. 1966ರಲ್ಲಿ ಮುಂಡಗೋಡಿನ ವಸತಿ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಚಿತ್ರದುರ್ಗದ ನಿಜಲಿಂಗಪ್ಪನವರೇ. ಸೀಬಾರದ ಅವರ ಸ್ಮಾರಕಕ್ಕೆ ದಲಾಯಿ ಲಾಮಾ ಬಂದಿದ್ದು ಆ ಋಣದ ನೆನಪಿನಿಂದ. ಆದರೆ ನಾನು ಹೇಳಹೊರಟಿದ್ದು ಅದಲ್ಲ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಗಿರುವ ಮಗುವಿಗೆ ಪಾಠ ಮಾಡುವುದು ನಿಮಗೆ ಹೊಸದೇ? ಅವಳ ಪಕ್ಕ ಕೂರುವ ತಾಂಡಾದ ಹುಡುಗಿಯ ಮನೆಮಾತು ಯಾವುದು? ಲಂಬಾಣಿ ತಾನೇ? ಲಂಬಾಣಿಗರ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ಜಿಲ್ಲೆ ನಮ್ಮದು. ಮೊಳಕಾಲ್ಮೂರು, ಚಳ್ಳಕೆರೆ ಕಡೆ ತೆಲುಗು, ಆಜಾದ್ ನಗರದಲ್ಲಿ ಉರ್ದು. ಒಂದನೇ ತರಗತಿಗೆ ಬಂದ ದಿನ ‘ಕುಂದ್ರು’ ಅಂದರೆ ನಿಂತೇ ಇದ್ದ ಎಷ್ಟು ಮಕ್ಕಳನ್ನು ನೀವು ದಡ ಸೇರಿಸಿಲ್ಲ? ಈ ಹುಡುಗಿಗೆ ಬೇಕಾದ ವಿದ್ಯೆಯ ಮುಕ್ಕಾಲು ಪಾಲು ನಿಮ್ಮ ಕೈಯಲ್ಲೇ ಇದೆ. ಪಾಸ್‌ಪೋರ್ಟ್ ನೋಡಿ ಗಾಬರಿಯಾಗಿ ಅದನ್ನು ಮರೆತಿದ್ದೀರಿ.

ಇದನ್ನು ನಾನು ದೊಡ್ಡಸ್ತಿಕೆಯಿಂದ ಹೇಳುತ್ತಿಲ್ಲ. ನನ್ನ ಮೊದಲ ಪೋಸ್ಟಿಂಗ್ ಚಳ್ಳಕೆರೆ ತಾಲ್ಲೂಕಿನ ಒಂದು ಏಕೋಪಾಧ್ಯಾಯ ಶಾಲೆ. ವಯಸ್ಸು ಇಪ್ಪತ್ತಮೂರು, ಕನ್ನಡದ ಮೇಲೆ ಮಹಾ ಅಭಿಮಾನ. ಶಾಲೆಯೊಳಗೆ ಲಂಬಾಣಿ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಒಬ್ಬ ಹುಡುಗ, ಎಂಟು ವರ್ಷದವನಿರಬೇಕು, ತಮ್ಮನನ್ನು ಲಂಬಾಣಿಯಲ್ಲಿ ಕರೆದಿದ್ದಕ್ಕೆ ನಿಂತ. ಮಾರನೆಯ ದಿನದಿಂದ ತುಟಿ ಬಿಚ್ಚಲಿಲ್ಲ, ನನ್ನ ಹತ್ತಿರವೂ ಇಲ್ಲ, ತಮ್ಮನ ಹತ್ತಿರವೂ ಇಲ್ಲ. ಬೇಸಿಗೆ ರಜೆ ಮುಗಿದ ಮೇಲೆ ಬರಲೇ ಇಲ್ಲ. ಕುರಿ ಕಾಯಲು ಹೋದ ಅಂದರು. ಆಮೇಲೆ ಮೂವತ್ತು ವರ್ಷ ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದೇನೆ, ಪ್ರತಿ ತಂಡಕ್ಕೂ ಈ ಕಥೆ ಹೇಳಿದ್ದೇನೆ. ಹೇಳಿದ್ದರಿಂದ ಅವನಿಗೇನೂ ಆಗಲಿಲ್ಲ.

ಹಾಗಾಗಿ ಮೌನದ ಬಗ್ಗೆ ಹೆದರಬೇಡಿ. ಹೊಸ ಮಾತಿನ ನಡುವೆ ಬಿದ್ದ ಮಗು ಮೊದಲು ಬರೀ ಕೇಳಿಸಿಕೊಳ್ಳುತ್ತದೆ. ಕೆಲವರಿಗೆ ಆರು ವಾರ, ಕೆಲವರಿಗೆ ಒಂದು ವರ್ಷದ ಹತ್ತಿರ ಹತ್ತಿರ. ಆ ಹೊತ್ತಿನಲ್ಲಿ ಒಳಗೆ ಏನೂ ನಡೆಯುತ್ತಿಲ್ಲ ಅಂತ ತಿಳಿಯಬಾರದು. ನೀವೇ ಪರೀಕ್ಷೆ ಮಾಡಿ: ಮುಖ ನೋಡದೆ, ಕೈಸನ್ನೆ ಮಾಡದೆ, ‘ಕಿಟಕಿ ಹಾಕವ್ವ’ ಅನ್ನಿ. ಎದ್ದು ಹೋಗಿ ಹಾಕಿದರೆ ಅವಳಿಗೆ ಕನ್ನಡ ಬರುತ್ತಿದೆ ಅಂತಲೇ ಅರ್ಥ. ‘ಎಲ್ಲಿ, ಹೇಳು, ಹೇಳು’ ಅಂತ ಎದ್ದು ನಿಲ್ಲಿಸಿ ಬಾಯಿ ಬಿಡಿಸಲು ಹೋಗಬೇಡಿ. ಅವಳು ತಾನಾಗಿ ಆಡುವ ಮೊದಲ ಪೂರ್ತಿ ವಾಕ್ಯ ಪಾಠದ್ದಾಗಿರುವುದಿಲ್ಲ. ‘ಮಿಸ್, ಇವ್ನು ನನ್ ಪೆನ್ಸಿಲ್ ಕಸ್ಕಂಡ’ ಅನ್ನುವ ದೂರು ಆಗಿರುತ್ತದೆ. ಬಹಳ ಮಕ್ಕಳಲ್ಲಿ ಕಂಡಿದ್ದೇನೆ: ನ್ಯಾಯ ಕೇಳುವಷ್ಟು ಸಿಟ್ಟು ಬಂದಾಗ ಭಾಷೆ ಬರುತ್ತದೆ. ಆ ದಿನ ವ್ಯಾಕರಣ ತಿದ್ದಬೇಡಿ, ಪೆನ್ಸಿಲ್ ಕೊಡಿಸಿ.

ಅವಳಿಗೆ ಯಾವುದು ಸುಲಭ, ಯಾವುದು ಕಷ್ಟ ಅಂತ ಗೊತ್ತಿದ್ದರೆ ನಿಮಗೂ ಅನುಕೂಲ. ದರಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ನಮ್ಮಂತೆಯೇ. ಇಂಗ್ಲಿಷಿಗಿಂತ ಕನ್ನಡದ ವಾಕ್ಯ ಅವಳ ಬಾಯಿಗೆ ಬೇಗ ಹತ್ತುತ್ತದೆ. ಆದರೆ ಅವರಲ್ಲಿ ವಿಶೇಷಣ ನಾಮಪದದ ಹಿಂದೆ ನಿಲ್ಲುವುದರಿಂದ ‘ದೊಡ್ಡ ಪುಸ್ತಕ’ ಹೋಗಿ ‘ಪುಸ್ತಕ ದೊಡ್ಡ’ ಆದೀತು. ‘ಅವನು’, ‘ಅವಳು’ ಎರಡಕ್ಕೂ ಅವರಲ್ಲಿ ಒಂದೇ ಪದ, ಹಾಗಾಗಿ ನಿಮ್ಮನ್ನೇ ‘ಮಿಸ್ ಬಂದ’ ಅಂದಾಳು. ‘ನನಗೆ ಹಸಿವು’ ಅನ್ನುವ ಕಡೆ ‘ನಾನು ಹಸಿವು’. ಬರೆಯುವಾಗ ಗುಣಿತದ ಚಿಹ್ನೆಗಳನ್ನು ನುಂಗಿದರೆ ಅಸಡ್ಡೆ ಅಂತ ತಿಳಿಯಬೇಡಿ. ಅವಳು ಕಲಿತ ಲಿಪಿಯಲ್ಲಿ ಹ್ರಸ್ವ ಸ್ವರವನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಓದುವವರು ಊಹಿಸಿಕೊಳ್ಳಬೇಕು. ನಮ್ಮ ಕಾಗುಣಿತ ಅವಳಿಗೆ ನಿಜವಾಗಿ ಹೊಸ ಲೋಕ, ಅಲ್ಲಿ ನಿಧಾನಿಸಿ.

ಅಕ್ಷರಕ್ಕೆ ನಲಿ-ಕಲಿ (ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ) ಕಾರ್ಡುಗಳನ್ನು ಕೆಳಗಿನ ತರಗತಿಯಿಂದ ತರಿಸಿಕೊಳ್ಳಿ. ಅವಳನ್ನು ಅಲ್ಲಿಗೆ ಕಳಿಸಬೇಡಿ, ಕಾರ್ಡು ಇಲ್ಲಿಗೆ ಬರಲಿ. ಅಆಇಈ ಬೇಡ, ನಲಿ-ಕಲಿಯ ಕ್ರಮದಲ್ಲೇ ರ, ಗ, ಸ, ದ, ಅ ಹಿಡಿಯಿರಿ. ಈ ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ದಸರ ಎಲ್ಲ ಓದಬಹುದು. ಮೊದಲ ವಾರದಲ್ಲೇ ಇಡೀ ಪದ ಓದಿದ ಖುಷಿ ಸಿಗುತ್ತದೆ. ಇನ್ನೊಂದು ಗುಟ್ಟು: ಕಾಗದ, ಮೇಜು, ಸಾಬೂನು, ಗುಲಾಬಿ, ಶಾಲು, ಬಾದಾಮಿ, ಮೈದಾನ, ಜಮೀನು, ತಯಾರು, ಖುಷಿ. ಈ ಮಾತುಗಳು ಅವಳ ಮನೆಯಲ್ಲೂ ಹೆಚ್ಚುಕಡಿಮೆ ಹೀಗೇ ಇವೆ. ಬಿಜಾಪುರದ ಸುಲ್ತಾನರು, ಶಿರಾದ ಮೊಗಲ್ ಸುಬೇದಾರರು, ಹೈದರ್ ಅಲಿ ಇವರೆಲ್ಲರ ದಫ್ತರದಲ್ಲಿ ಪಾರಸಿ ನಡೆಯುತ್ತಿತ್ತು, ದರಿ ಅಂದರೆ ಅಫ್ಗಾನಿಸ್ತಾನದ ಪಾರಸಿ. ಒಂದು ಗುಲಾಬಿ ಹೂವು ಹಿಡಿದು ‘ಇದೇನು?’ ಅಂತ ಕೇಳಿ ನೋಡಿ.

ನಿಮ್ಮ ಮಾತಿನ ಬಗ್ಗೆಯೂ ಒಂದು ಸಂಗತಿ. ಪುಸ್ತಕದಲ್ಲಿ ‘ಕುಳಿತುಕೊ’ ಅಂತ ಇರುತ್ತದೆ, ನೀವು ‘ಕೂತ್ಕೊ’ ಅಂತೀರಿ, ಆಯಮ್ಮ ‘ಕುಂದ್ರು’ ಅಂತಾರೆ. ಊರ ಮಕ್ಕಳಿಗೆ ಮೂರೂ ಒಂದೇ ಅಂತ ಗೊತ್ತು, ಅವಳಿಗೆ ಇವು ಮೂರು ಪದ. ದಿನಬಳಕೆಯ ಇಪ್ಪತ್ತು ಮಾತಿಗೆ ಮೊದಲ ಕೆಲವು ತಿಂಗಳು ಒಂದೇ ರೂಪ ಬಳಸಿ, ಅದು ‘ಕುಂದ್ರು’ ಆದರೂ ಅಡ್ಡಿಯಿಲ್ಲ.

ಮುಂದಿನ ವರ್ಷದ ಬಗ್ಗೆ ಈಗಲೇ ಎಚ್ಚರಿಸುತ್ತೇನೆ, ಯಾಕೆಂದರೆ ನಿಜವಾದ ಅಪಾಯ ಇರುವುದು ಅಲ್ಲಿ. ಬರುವ ಮಳೆಗಾಲದ ಹೊತ್ತಿಗೆ ಅವಳು ಪಟಪಟ ಮಾತಾಡುತ್ತಾಳೆ. ‘ಅಬ್ಬ, ಕಲಿತಳು’ ಅಂತ ಎಲ್ಲರೂ ಕೈಬಿಡುತ್ತಾರೆ. ಆಮೇಲೆ ಪರಿಸರ ಅಧ್ಯಯನದಲ್ಲಿ ‘ದ್ಯುತಿಸಂಶ್ಲೇಷಣೆ’, ‘ಅಂತರ್ಜಲ’ ಬಂದು ಅಂಕ ಬೀಳುತ್ತದೆ, ಆಗ ‘ಮಾತು ಬರುತ್ತೆ, ತಲೆ ಇಲ್ಲ’ ಅನ್ನುತ್ತಾರೆ. ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ಇದನ್ನು ಬಿಡಿಸಿ ತೋರಿಸಿದರು: ಆಟದ ಮೈದಾನದ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಮೊದಲನೆಯದು ಎರಡು ವರ್ಷದೊಳಗೆ ಬರುತ್ತದೆ, ಎರಡನೆಯದರಲ್ಲಿ ಉಳಿದ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ನಮ್ಮ ತಾಂಡಾ ಮಕ್ಕಳು ಐದನೇ ತರಗತಿಯ ಹೊತ್ತಿಗೆ ಹಿಂದೆ ಬೀಳುವುದಕ್ಕೂ ಇದೊಂದು ಕಾರಣ, ಯಾರೂ ಹಾಗೆ ನೋಡುವುದಿಲ್ಲ ಅಷ್ಟೇ. ಐದನೇ ತರಗತಿಯ ಶಿಕ್ಷಕರಿಗೆ ಇದನ್ನು ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಬರೆದೂ ಕೊಡಿ.

ಉರ್ದು ಶಾಲೆಯ ಸಲಹೆ ತೆಗೆದುಹಾಕುವಂಥದ್ದಲ್ಲ. ಲಿಪಿ ಹೆಚ್ಚುಕಡಿಮೆ ಅದೇ, ನೂರಾರು ಪದ ಅವೇ, ದೆಹಲಿಯಲ್ಲಿ ಕಿವಿಗೆ ಬಿದ್ದ ಹಿಂದಿಯೂ ಕೈಹಿಡಿಯುತ್ತದೆ. ಜೂನ್‌ನಲ್ಲೇ ಕೇಳಿದ್ದರೆ ನಾನೂ ಯೋಚಿಸುತ್ತಿದ್ದೆ. ಈಗ ಬೇಡ ಅನ್ನುತ್ತೇನೆ. ಕಾರಣ ಭಾಷೆಯಲ್ಲ, ಆ ತಾಂಡಾದ ಹುಡುಗಿ. ಕಾಬೂಲ್ ಬಿಟ್ಟು ದೆಹಲಿ, ದೆಹಲಿ ಬಿಟ್ಟು ದಾವಣಗೆರೆ. ಇಷ್ಟರ ನಡುವೆ ಸಿಕ್ಕಿರುವ ಒಬ್ಬಳೇ ಗೆಳತಿ ಅವಳು. ಉರ್ದು ಅವಳ ಮನೆಮಾತೂ ಅಲ್ಲ. ಅಲ್ಲಿ ಹೋದರೂ ಕಲಿಯಬೇಕಾದ ಇನ್ನೊಂದು ಭಾಷೆಯೇ. ಶನಿವಾರ ಮಧ್ಯಾಹ್ನ ಉರ್ದು ಬಲ್ಲ ಶಿಕ್ಷಕಿಯೊಬ್ಬರು ಒಂದು ಗಂಟೆ ಕೂತು, ಪಾಠದ ಸಾರಾಂಶವನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿಕೊಟ್ಟರೆ ಎರಡರ ಲಾಭವೂ ಸಿಗುತ್ತದೆ.

ಮನೆಯಲ್ಲಿ ಕನ್ನಡ ಮಾತಾಡಿ ಅಂತ ದಯವಿಟ್ಟು ಹೇಳಬೇಡಿ. ಆ ತಾಯಿಗೆ ಬರುವ ಒಳ್ಳೆಯ ಭಾಷೆ ದರಿ. ಕಥೆ, ಗದರಿಕೆ, ಲಾಲಿ, ಅಜ್ಜಿಯ ನೆನಪು ಎಲ್ಲ ಅದರಲ್ಲೇ ಇರುವುದು. ಅದನ್ನು ಬಿಡಿಸಿ ಮುರುಕು ಹಿಂದಿ ಕೊಟ್ಟರೆ ಮಗುವಿಗೆ ಒಂದೂ ಗಟ್ಟಿಯಾಗುವುದಿಲ್ಲ. ಬದಲಿಗೆ, ದಿನಾ ಅರ್ಧ ಗಂಟೆ ದರಿಯಲ್ಲೇ ಓದಿಸಿ, ಬರೆಸಿ ಅಂತ ಹೇಳಿ. ಒಂದು ಭಾಷೆಯಲ್ಲಿ ‘ಭಾಗಾಕಾರ’ ಅರ್ಥವಾದ ಮಗುವಿಗೆ ಇನ್ನೊಂದರಲ್ಲಿ ಬರೀ ಹೆಸರು ಕಲಿತರೆ ಸಾಕು. ಇನ್ನೊಂದು: ಮಕ್ಕಳಿಗೆ ಮಾತು ಬರುತ್ತಿದ್ದಂತೆ ಆಸ್ಪತ್ರೆ, ಬ್ಯಾಂಕು, ಎಸ್‌ಪಿ ಕಚೇರಿ ಎಲ್ಲ ಕಡೆ ಅವರೇ ದುಭಾಷಿಗಳಾಗುತ್ತಾರೆ. ತರಕಾರಿ ಚೌಕಾಸಿಗೆ ಸರಿ, ತಾಯಿಯ ಕಾಯಿಲೆ ಹೇಳಲಿಕ್ಕೆ ಮಗು ಬೇಡ. ಅಕ್ಕನ ಮೇಲೆ ಈ ಹೊರೆ ಆಗಲೇ ಬಿದ್ದಿರುತ್ತದೆ, ವಿಚಾರಿಸಿ. ಅವಳನ್ನು ಬೇರೆ ಕಾರಣಕ್ಕೂ ಗಮನಿಸಬೇಕು. ಅವರ ದೇಶದಲ್ಲಿ 2021ರ ಸೆಪ್ಟೆಂಬರ್‌ನಿಂದ ಹೆಣ್ಣುಮಕ್ಕಳಿಗೆ ಆರನೇ ತರಗತಿಯ ಮೇಲೆ ಶಾಲೆಯ ಬಾಗಿಲು ಮುಚ್ಚಿದೆ. ಅಲ್ಲಿದ್ದಿದ್ದರೆ ಅವಳು ಈಗ ಮನೆಯಲ್ಲಿ ಕೂರಬೇಕಿತ್ತು. ಅವಳ ಓರಗೆಯ ಗೆಳತಿಯರು ಅಲ್ಲಿ ಕೂತಿದ್ದಾರೆ. ಏಳನೇ ತರಗತಿ ಅವಳಿಗೆ ಬರೀ ಇನ್ನೊಂದು ತರಗತಿಯಲ್ಲ.

ಮೇಲೆ ಮುಕ್ಕಾಲು ಪಾಲು ಅಂದೆ, ಉಳಿದ ಕಾಲು ಇಲ್ಲಿದೆ. ತಾಂಡಾದ ಹುಡುಗಿ ಸಂಜೆ ತನ್ನ ಮನೆಗೆ ಹೋಗುತ್ತಾಳೆ. ಇವಳಿಗೆ ಮನೆ ಅನ್ನುವುದು ಎಲ್ಲೋ ಉಳಿದುಹೋಗಿದೆ. ‘ನಿನ್ನ ಮನೆಯ ಚಿತ್ರ ಬರೆ’, ‘ನಮ್ಮ ಊರು’ ಅಂತ ಪ್ರಬಂಧ ಕೊಡುವಾಗ ಇನ್ನೊಂದು ವಿಷಯವನ್ನೂ ಆಯ್ಕೆಗೆ ಇಡಿ. ಏನಾಯಿತು, ಯಾರು ಸತ್ತರು ಅಂತ ಕೆದಕಬೇಡಿ, ಹೇಳಿದರೆ ಕೇಳಿಸಿಕೊಳ್ಳಿ. ಪಟಾಕಿ, ಬ್ಯಾಂಡು, ಜಾತ್ರೆಯ ಸದ್ದು ಇರುವ ದಿನಗಳನ್ನು ಮುಂಚೆಯೇ ತಿಳಿಸಿ. ಊಟ ಬಿಡುವುದು ಬಹುಶಃ ಖಾರದ್ದೇ ಸಮಸ್ಯೆ. ಸಾರು ಬೇರೆ, ಅನ್ನ ಬೇರೆ ಬಡಿಸಿ, ಮೊಟ್ಟೆ, ಬಾಳೆಹಣ್ಣು ತಿನ್ನುತ್ತಾಳೇನೋ ನೋಡಿ. ಮಿರ್ಚಿ ಮಂಡಕ್ಕಿಯ ಊರಿನವರಿಗೆ ಇದು ಹೊಳೆಯುವುದು ಸ್ವಲ್ಪ ತಡ.

ಡಾಕ್ಟರ್ ಬೇಕೇ ಅನ್ನುವುದಕ್ಕೆ ತಾಯಿಯನ್ನು ಕೇಳಿ: ಮನೆಯಲ್ಲಿ ಅಕ್ಕನ ಜೊತೆ ಮಾತಾಡುತ್ತಾಳಾ, ಜಗಳ ಆಡುತ್ತಾಳಾ, ರಾತ್ರಿ ನಿದ್ದೆ ಮಾಡುತ್ತಾಳಾ? ಹೌದು ಅಂದರೆ ಈ ಮೌನ ಭಾಷೆಯದು. ಕುಂಟಾಬಿಲ್ಲೆ ಆಡುತ್ತಾಳೆ ಅಂತ ನೀವು ಬರೆದಿದ್ದೀರಿ, ಅದನ್ನು ಓದಿ ನನಗೆ ಅರ್ಧ ಸಮಾಧಾನ ಆಗಿದೆ. ಮನೆಯಲ್ಲೂ ಮೂಕಿ, ರಾತ್ರಿ ಬೆಚ್ಚಿ ಏಳುವುದು, ಈ ವಯಸ್ಸಿನಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಆಟವೂ ಬಿಟ್ಟುಹೋಗಿರುವುದು, ಇವು ವಾರಗಟ್ಟಲೆ ಇದ್ದರೆ ತಡ ಮಾಡಬೇಡಿ. ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಸಿಗುತ್ತಾರೆ. ಟೆಲಿ ಮಾನಸ್‌ನ 14416ಕ್ಕೆ ನೀವೇ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು.

ಇನ್ನು ಫೋಟೊದಲ್ಲಿರುವ ಆ ಪುಟವನ್ನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ತಿದ್ದಿ. ನಾನು ಎಣಿಸಿದೆ, ಇಪ್ಪತ್ತರಲ್ಲಿ ಹದಿನೇಳು ಸರಿ ಇವೆ. ತಪ್ಪಿರುವ ಮೂರೂ ದಶಕ ಸಾಲ ತಂದು ಕಳೆಯುವ ಲೆಕ್ಕ. ಆ ಮೂರನ್ನು ನಿಮ್ಮ ತರಗತಿಯಲ್ಲಿ ಇನ್ನೂ ಹತ್ತು ಮಂದಿಯಾದರೂ ತಪ್ಪಿರುತ್ತಾರೆ. ಅವರ ಜೊತೆಗೇ ಇವಳನ್ನೂ ಕೂರಿಸಿ ಇನ್ನೊಂದು ಸಲ ಹೇಳಿಕೊಡಿ.